ಸಹಾಯ ಬೇಕು: ಫ್ಯಾಟ್ ಸೆಲ್ ಸಾಯುತ್ತೆ ಅಂದ್ರೆ ಲೆಕ್ಕ ಯಾಕೆ ಕಮ್ಮಿ ಆಗಲ್ಲ?

ಎಲ್ಲರಿಗೂ ನಮಸ್ಕಾರ, ಬಯಾಲಜಿ ಓದಿರೋರು ದಯವಿಟ್ಟು ಹೇಳಿ. ನಮ್ಮಮ್ಮ ಎರಡು ವರ್ಷ ಕಷ್ಟಪಟ್ಟು 14 ಕೆಜಿ ಇಳಿಸಿದ್ರು, ರಾತ್ರಿ ಅರ್ಧ ಮುದ್ದೆ ಸೊಪ್ಪಿನ ಸಾರು ಅಷ್ಟೇ, ಬೆಳಿಗ್ಗೆ ಕೆರೆ ಸುತ್ತ ವಾಕಿಂಗು, ಬ್ಲೌಸಿಗೆಲ್ಲಾ ಒಳಗಡೆ ಇನ್ನೊಂದು ಹೊಲಿಗೆ ಹಾಕ್ಕೊಂಡಿದ್ರು, ಈಗ ಮಂಡಿನೋವು ಅಂತ ವಾಕಿಂಗ್ ನಿಂತು ಆರೇ ತಿಂಗಳಿಗೆ 9 ಕೆಜಿ ವಾಪಸ್. ನಿನ್ನೆ ಅದೇ ಹೊಲಿಗೆ ಬಿಚ್ತಾ ಕೂತಿದ್ದು ನೋಡಿ ಕರುಳು ಚುರುಕ್ ಅಂತು.

ಯಾಕೆ ಹೀಗೆ ಅಂತ ಹುಡುಕಿದಾಗ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಅನ್ನೋ ಮೆಡಿಕಲ್ ಯೂನಿವರ್ಸಿಟಿಯವರ 2008ರ ಸ್ಟಡಿ ಸಿಕ್ತು. ಕೊಬ್ಬಿನ ಕೋಶಗಳ ಸಂಖ್ಯೆ ಹದಿಹರೆಯದ ಹೊತ್ತಿಗೇ ಹೆಚ್ಚುಕಮ್ಮಿ ಸೆಟ್ ಆಗಿರುತ್ತಂತೆ, ತೂಕ ಇಳಿದ್ರೆ ಕೋಶ ಕುಗ್ಗುತ್ತೆ, ಲೆಕ್ಕ ಇಳಿಯಲ್ಲ. ಇಲ್ಲಿವರೆಗೂ ಅರ್ಥ ಆಯ್ತು. ಆದ್ರೆ ಅದ್ರಲ್ಲೇ ವರ್ಷಕ್ಕೆ ಸುಮಾರು 10% ಕೋಶ ಸತ್ತು ಹೊಸದು ಬರುತ್ತೆ ಅಂತಾನೂ ಇದೆ (ಹಳೇ ಅಣುಬಾಂಬ್ ಪರೀಕ್ಷೆಯಿಂದ ಗಾಳಿಗೆ ಸೇರಿದ ಕಾರ್ಬನ್-14 ಅನ್ನೋ ವಿಕಿರಣ ಸೂಸೋ ಇಂಗಾಲ ಅಳೆದು ಕೋಶದ ವಯಸ್ಸು ಕಂಡುಹಿಡಿದ್ರಂತೆ, ಎಂಥಾ ತಲೆ!). ತಂಗಿಯ ಟೆಕ್ಸ್ಟ್‌ಬುಕ್ ನೋಡಿದೆ, ಪ್ರಿಅಡಿಪೊಸೈಟ್‌ನಲ್ಲಿ (ಇನ್ನೂ ಕೊಬ್ಬಿನ ಕೋಶ ಆಗದಿರೋ ಮರಿಕೋಶ) ಪಿಪಿಎಆರ್-ಗಾಮಾ ಅನ್ನೋ, ಜೀನ್‌ಗಳನ್ನ ಆನ್ ಮಾಡೋ ಪ್ರೋಟೀನ್ ಕೆಲಸ ಶುರು ಮಾಡಿದ್ರೆ ಅದು ಕೊಬ್ಬಿನ ಕೋಶ ಆಗುತ್ತೆ ಅಂತಿದೆ, ಆದ್ರೆ ಅಂಥಾ ಕೋಶ ಎಷ್ಟು ಆಗಬೇಕು ಅನ್ನೋದು ಹೇಗೆ ತೀರ್ಮಾನ ಆಗುತ್ತೆ ಅಂತ ಅದ್ರಲ್ಲಿ ಇಲ್ಲ.

ನನ್ನ ಪ್ರಶ್ನೆ ಇಷ್ಟೇ: ತಿನ್ನೋದು ಕಮ್ಮಿ ಮಾಡಿದಾಗ್ಲೂ ಸತ್ತಷ್ಟೇ ಹೊಸ ಕೋಶ ಹುಟ್ಟಿಸು ಅಂತ ದೇಹಕ್ಕೆ ಹೇಳೋ ಸಿಗ್ನಲ್ ಯಾವುದು, ಅದು ಗೊತ್ತಾಗಿದ್ಯಾ?