ಜೂಜಿನ ಸಾಲವನ್ನು ಮನೆಯವರು ತೀರಿಸಬೇಕೇ?

ರಾಣೆಬೆನ್ನೂರು_ಸಂಘ:
ನಮ್ಮ ಕಡೆ ಸ್ವಸಹಾಯ ಸಂಘದ ಸಭೆಗಳಲ್ಲಿ ಇದೊಂದು ಪ್ರಶ್ನೆ ಬಿಡದೆ ಬರುತ್ತಿದೆ. ಗಂಡನೋ ಮಗನೋ ಓಸಿ (ಮಟ್ಕಾ), ಐಪಿಎಲ್ ಬೆಟ್ಟಿಂಗ್, ಮೊಬೈಲ್ ರಮ್ಮಿಗೆ ಬಿದ್ದಿರುತ್ತಾನೆ. ಮನೆಯವರು ಸಾಲ ಹರೀತಾರೆ, ದೇವರ ಮುಂದೆ ಆಣೆ ಮಾಡಿಸ್ತಾರೆ, ಮುಂದಿನ ಸುಗ್ಗಿಯೊಳಗೆ ಮತ್ತೆ ಅದೇ. ಹರಿಯದಿದ್ದರೆ ಸಾಲ ಕೊಟ್ಟವರು ಬಾಗಿಲಿಗೆ ಬರ್ತಾರೆ. ಈ ಹೆಣ್ಣುಮಕ್ಕಳಿಗೆ ಏನು ಹೇಳೋಣ?

ಧಾರವಾಡ_ಸಮಾಲೋಚಕಿ:
ಸಾಲ ತೀರಿಸುವ ರೊಕ್ಕವನ್ನು ಅವನ ಕೈಗೆ ಕೊಡಲೇಬೇಡಿ ಅಂತ ಹೇಳಿ. ಮೊದಲ ಸಲ ಬಾಯಿಬಿಟ್ಟಾಗ ಹೇಳುವ ಮೊತ್ತ ಸಾಮಾನ್ಯವಾಗಿ ಪೂರ್ತಿ ಇರುವುದಿಲ್ಲ. ಎರಡು ಲಕ್ಷ ಅಂದರೆ ಗೆಳೆಯರದು, ಆ್ಯಪ್ ಸಾಲದ್ದು ಇನ್ನೊಂದು ಲಕ್ಷ ಒಳಗೇ ಉಳಿದಿರುತ್ತದೆ. ಮುಚ್ಚಿಟ್ಟ ಆ ಲಕ್ಷವನ್ನು ಎತ್ತಬೇಕು ಅಂತಲೇ ಕೈಗೆ ಬಂದ ರೊಕ್ಕ ಮತ್ತೆ ಆಟಕ್ಕೆ ಹೋಗುತ್ತದೆ. ಪೂರ್ತಿ ಪಟ್ಟಿ ಆದ ಮೇಲೆ ಸಾಲ ಕೊಟ್ಟವರಿಗೇ ನೇರವಾಗಿ, ಕಂತಿನಲ್ಲಿ, ರಸೀದಿ ಪಡೆದು ಕೊಡಬೇಕು.

ಸಂಬಂಧ ಕೆಡುವುದು ನಿಧಾನಕ್ಕೆ. ಹೆಂಡತಿ ಅತ್ತೆಮನೆಯ ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾಳೆ, ತಾಯಿ ಗುಟ್ಟಾಗಿ ಬಂಗಾರ ಒತ್ತೆ ಇಡುತ್ತಾಳೆ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಸಾಲದ ಬೋಜಾ ಕಂಡ ದಿನ ಅಣ್ಣತಮ್ಮಂದಿರಿಗೆ ಗೊತ್ತಾಗುತ್ತದೆ, ವಾಟ್ನಿ (ಆಸ್ತಿ ಪಾಲು) ಮಾತು ಏಳುತ್ತದೆ. ಆಗ ಜಗಳ ರೊಕ್ಕಕ್ಕಿಂತ ಹೆಚ್ಚಾಗಿ ‘ನಿನಗೆ ಗೊತ್ತಿದ್ದೂ ಯಾಕ ಸುಮ್ಮನಿದ್ದಿ’ ಅನ್ನುವುದರ ಮೇಲೆ. ಮಕ್ಕಳದ್ದು ಇನ್ನೂ ಸಂಕಟ: ಬಾಗಿಲಿಗೆ ಬಂದವರಿಗೆ ‘ಅಪ್ಪ ಮನ್ಯಾಗಿಲ್ರಿ’ ಅಂತ ಹೇಳಲು ಕಳಿಸುವುದು ಎಂಟು ವರ್ಷದ ಹುಡುಗಿಯನ್ನು, ಅಪ್ಪ ಒಳಗೆ ಉಸಿರು ಬಿಗಿಹಿಡಿದು ಕೂತಿರುತ್ತಾನೆ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚುವುದನ್ನು ಇವತ್ತೇ ನಿಲ್ಲಿಸಿ.

ಆಣೆ ನಂಬಿ ಕೂಡಬೇಡಿ. ವಾರಕ್ಕೊಮ್ಮೆ ಗೊತ್ತಾದ ದಿನ, ಅರ್ಧ ತಾಸು, ಬ್ಯಾಂಕ್ ಮತ್ತು ಯುಪಿಐ ಸ್ಟೇಟ್‌ಮೆಂಟ್ ಎದುರಿಗಿಟ್ಟು ಲೆಕ್ಕ ನೋಡಿ. ಉಳಿದ ದಿನ ಆ ಮಾತು ಎತ್ತಬೇಡಿ. ದಿನವೂ ಕೆದಕಿದರೆ ಸುಳ್ಳು ಹೆಚ್ಚುತ್ತದೆ.

ಗದಗ_ಕಾಗದಪತ್ರ:
ಪಟ್ಟಿ ಮಾಡುವಾಗ ಅವನ ಹೆಸರಿನ ಬ್ಯಾಂಕ್, ಫೈನಾನ್ಸ್ ಸಾಲಗಳನ್ನು ತೋರಿಸುವ ಸಿಬಿಲ್ ವರದಿ ತೆಗೆಸಿ, ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ. ಕೈಗಡ ಅದರಲ್ಲಿ ಬರುವುದಿಲ್ಲ, ಅದನ್ನು ಕೇಳಿಯೇ ಬರೆಯಬೇಕು. ಬಂಗಾರ ಒತ್ತೆಯ ಚೀಟಿ, ಹೊಸ ಉತಾರ ಎರಡನ್ನೂ ನೋಡಿ. ಹೆಂಡತಿ ಜಾಮೀನಿಗೆ ಸಹಿ ಹಾಕಬಾರದು, ಅವಳ ಹೆಸರಿನ ಗುಂಪು ಸಾಲವನ್ನು ಅವನ ಕೈಗೆ ಕೊಡಲೇಬಾರದು. ಕಂತು ತಪ್ಪಿದರೆ ಹೊರೆ ಗುಂಪಿನ ಉಳಿದವರ ಮೇಲೆ ಬಿದ್ದು, ಓಣಿಯಲ್ಲಿ ಅವಳಿಗೆ ಇದ್ದ ಒಂದೇ ಆಸರೆಯೂ ಹೋಗುತ್ತದೆ.

1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಪಣದ ಒಪ್ಪಂದ ಊರ್ಜಿತವಲ್ಲ. ಬೆಟ್ಟಿಂಗ್ ನಡೆಸುವ ಬುಕ್ಕಿ ತಾನು ಗೆದ್ದ ರೊಕ್ಕಕ್ಕೆ ಕೋರ್ಟಿಗೆ ಹೋಗಲಾರ, ಅದಕ್ಕೇ ಹೆದರಿಸುತ್ತಾನೆ. ಬೆದರಿಕೆ ಬಂದರೆ ಪೊಲೀಸರಿಗೆ ಬರೆದು ಕೊಡಿ. ಹೆಂಡತಿಯ ಸ್ತ್ರೀಧನ ಮಾರಿಕೊಂಡರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅದು ಆರ್ಥಿಕ ದೌರ್ಜನ್ಯ.

ರಾಣೆಬೆನ್ನೂರು_ಸಂಘ:
ಅವನು ದವಾಖಾನೆಗೆ ಬರಲೊಲ್ಲೆ ಅಂದರೆ?

ಧಾರವಾಡ_ಸಮಾಲೋಚಕಿ:
ಮನೆಯವರೇ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ. ಪುಕ್ಕಟೆ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ದವಾಖಾನೆ ಡಿಮ್ಹಾನ್ಸ್ ಇದೆ. ಜೂಜಿನ ಚಟ ವೈದ್ಯಶಾಸ್ತ್ರ ಒಪ್ಪಿದ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಆನ್‌ಲೈನ್ ಹಣದ ಆಟ ನಿಷೇಧಿಸಿದ 2025ರ ಕೇಂದ್ರ ಕಾನೂನಿನಲ್ಲಿ ಆಡುವವನಿಗೆ ಶಿಕ್ಷೆ ಇಲ್ಲ, ಆ ಅಂಜಿಕೆಯಿಂದ ತಡ ಮಾಡುವುದು ಬೇಡ.

ಸಾಲ ಬಯಲಾದ ಮೊದಲ ಕೆಲವು ದಿನ ಎಲ್ಲಕ್ಕಿಂತ ಅಪಾಯದವು. ಎಲ್ಲರೂ ಒಟ್ಟಿಗೆ ಮೇಲೆ ಬಿದ್ದು ಬೈಯಬೇಡಿ, ಒಬ್ಬನನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೇರೆಯವರ ಮನೆಗೆ ಸಾಗಿಸಿ. ‘ನಾ ಇರಬಾರದು’ ಅನ್ನುವ ಮಾತು ಬಂದರೆ ಲೆಕ್ಕದ ಪಟ್ಟಿ ಆಮೇಲೆ, ಅವತ್ತೇ ದವಾಖಾನೆಗೆ ಕರೆದುಕೊಂಡು ಹೋಗಿ.