ಅಪ್‌ಡೇಟ್: ಗೊಂಬೆಯ ಲಂಗ ಕೊನೆಗೂ ಇಳಿಬಿದ್ದಿದೆ

ಸುಮಾರು 30 ಸೆಂ.ಮೀ. ಎತ್ತರದ ನನ್ನ ಪಾಲಿಮರ್ ಕ್ಲೇ ಗೊಂಬೆಗೆ ಹೊಲಿದ ಲಂಗವು ಬಿಚ್ಚಿದ ಕೊಡೆಯಂತೆ ಸೆಟೆದು ನಿಲ್ಲುತ್ತಿದೆ, ಅದನ್ನು ಸಹಜವಾಗಿ ಇಳಿಬಿಡುವುದು ಹೇಗೆ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಫಲ ಕೊಟ್ಟದ್ದು ನೆರಿಗೆಗಳನ್ನು ಗಂಜಿಯಿಂದ ಕೂರಿಸುವ ಸಲಹೆ. ಒಗೆದು ಒಗೆದು ಮೆತ್ತಗಾಗಿದ್ದ ಹತ್ತಿಯ ಕರವಸ್ತ್ರದಿಂದ ಹೊಸ ಲಂಗ ಹೊಲಿದು, ಗೊಂಬೆಯ ಸೊಂಟದ ಅಳತೆಗೆ ಸುತ್ತಿದ ಥರ್ಮೋಕೋಲ್ ತುಂಡಿಗೆ ಅದನ್ನು ತೊಡಿಸಿ, ಒಂದೊಂದೇ ನೆರಿಗೆಯನ್ನು ಗುಂಡುಸೂಜಿಯಿಂದ ಕೆಳಮುಖವಾಗಿ ಹಿಡಿದಿಟ್ಟು, ತೆಳುವಾದ ಗಂಜಿನೀರನ್ನು ಸಿಂಪಡಿಸಿ ರಾತ್ರಿಯಿಡೀ ಒಣಗಲು ಬಿಟ್ಟೆ. ಮೊದಲ ಪ್ರಯತ್ನದಲ್ಲಿ ಸಾಧಾರಣ ಸೂಜಿಗಳು ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಚುಕ್ಕೆಗಳು ಉಳಿದವು. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನ ಸೂಜಿಗಳನ್ನೇ ಬಳಸಿ.

ಅಂಚಿನೊಳಗೆ ತಂತಿ ಸೇರಿಸುವ ಉಪಾಯ ನನಗೆ ಒಗ್ಗಲಿಲ್ಲ, ಏಕೆಂದರೆ ತೆಳು ಬಟ್ಟೆಯಲ್ಲಿ ತಂತಿಯ ಗೆರೆ ಎದ್ದು ಕಾಣುತ್ತಿತ್ತು. ಫ್ಯಾಬ್ರಿಕ್ ಸಾಫ್ಟ್‌ನರ್‌ನಲ್ಲಿ ನೆನೆಸಿದ್ದರಿಂದ ಹಳೆಯ ಲಂಗದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ನನಗೆ ನಿಜಕ್ಕೂ ಅಚ್ಚರಿ ತಂದದ್ದು ಲಂಗ ಹಾಗೆ ಸೆಟೆದು ನಿಲ್ಲುವುದರ ಹಿಂದಿನ ಕಾರಣ. ಉಡುಪನ್ನು ಆರನೇ ಒಂದು ಅಳತೆಗೆ ಇಳಿಸಿದಾಗ ಬಟ್ಟೆಯ ವಿಸ್ತೀರ್ಣ 36ರಲ್ಲಿ ಒಂದು ಭಾಗವಾಗುತ್ತದೆ, ಅದರೊಂದಿಗೆ ಕೆಳಕ್ಕೆ ಎಳೆಯುವ ತೂಕವೂ ಅಷ್ಟೇ ಕುಗ್ಗುತ್ತದೆ. ಆದರೆ ನೂಲಿನ ದಪ್ಪವಾಗಲಿ ನೇಯ್ಗೆಯ ಬಿಗುವಾಗಲಿ ಕಿರಿದಾಗುವುದಿಲ್ಲ. ನಮ್ಮ ಮೈಮೇಲೆ ಮೃದುವಾಗಿ ಇಳಿಯುವ ಬಟ್ಟೆಯೇ ಗೊಂಬೆಯ ಮೇಲೆ ರಟ್ಟಿನಂತೆ ವರ್ತಿಸುವುದು ಇದರಿಂದಲೇ.

ಇನ್ನೊಂದು ಮಾತು: ಗಾಢ ಬಣ್ಣದ ಬಟ್ಟೆಯಾದರೆ ಒಳಗೆ ಬಿಳಿಯ ಅಸ್ತರಿ ಕೊಡಿ, ಇಲ್ಲದಿದ್ದರೆ ಬಣ್ಣ ಗೊಂಬೆಯ ಮೈಗೆ ಇಳಿಯುತ್ತದೆ.