ಪದಚರ್ಚೆ: ತುಕ್ಕು ಹಿಡಿಯೋದು, ಕಚ್ಚೋದು, ತಿನ್ನೋದು ಎಲ್ಲ ಒಂದೇನಾ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಗೋವಾದ ಮಾಪುಸಾದಲ್ಲಿ, ಊರು ಮೈಸೂರು ಕಡೆ. ಒಳಗೇ ಮಲಗಲು ಜಾಗ, ಪುಟ್ಟ ಅಡುಗೆಕಟ್ಟೆ ಇರುವ ಹಳೇ ವ್ಯಾನೊಂದನ್ನು ಕೊಂಡಿದ್ದೇನೆ. ನಾಲ್ಕು ಮಳೆಗಾಲ ಮಾವಿನ ಮರದ ಕೆಳಗೆ ಕದಲದೆ ನಿಂತಿದ್ದ ಗಾಡಿ. ಇಲ್ಲಿ ಮಳೆಯೂ ಜಾಸ್ತಿ, ಗಾಳಿಯಲ್ಲಿ ಉಪ್ಪು ಬೇರೆ. ಬಗ್ಗಿ ನೋಡಿದರೆ ಅಡಿಯೆಲ್ಲ ಕೆಂಪು.

ಗ್ಯಾರೇಜಿನ ಮಿಸ್ತ್ರಿ ಬೆಳಗಾವಿಯವರು. ಜ್ಯಾಕ್ ಹಾಕಿ ಎತ್ತಿ, ಹಿಂದಿನ ಚಕ್ರದ ಹತ್ತಿರ ಟಾರ್ಚು ಬಿಟ್ಟು ಹೇಳಿದರು: “ಮ್ಯಾಲಿನ ಪಾಟಾಕ್ಕ ಬರೇ ಜಂಗ್ ಹಿಡದೈತ್ರಿ. ಯು ಬೋಲ್ಟ್ ಕಚ್ಕೊಂಡಾವು, ಬಿಡವಲ್ವು. ತಳಗಿನ ಪಾಟಾ ಮಾತ್ರ ಪೂರಾ ತಿಂದಬಿಟ್ಟೈತಿ. ಅದನ್ನ ಒಗೀರಿ.” ಜಂಗ್ ಅಂದರೆ ತುಕ್ಕು. ಪಾಟಾ ಅಂದರೆ ಗಾಡಿಯ ಭಾರ ಹೊತ್ತು ಕುಲುಕಾಟ ತಡೆಯಲು ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿ (ಲೀಫ್ ಸ್ಪ್ರಿಂಗ್). ಅವನ್ನು ಆಕ್ಸಲಿಗೆ ಬಿಗಿಯುವ, ಇಂಗ್ಲಿಷಿನ U ಆಕಾರದ ಬೋಲ್ಟೇ ಯು ಬೋಲ್ಟ್.

ಒಗೀರಿ ಅಂದಾಗ, ತೊಳೆದರೆ ಸಾಕಲ್ಲ ಅಂತ ಖುಷಿಯಾಗಿದ್ದೆ. ನಮ್ಮ ಕಡೆ ಒಗೆಯುವುದು ಬಟ್ಟೆಯನ್ನು. ಅವರು ಹೇಳಿದ್ದು ಬಿಸಾಡಿ ಅಂತ!

ಅದಿರಲಿ. ನನ್ನ ತಲೆಯಲ್ಲಿ ಉಳಿದದ್ದು ಆ ಮೂರು ಕ್ರಿಯಾಪದಗಳು. ಮರಾಠಿಯಲ್ಲಿ ತುಕ್ಕು ಹಿಡಿಯುವುದಕ್ಕೆ ‘ಗಂಜಣೆ’ ಅಂತ ಒಂದೇ ಮಾತಿದೆ. ನಮ್ಮ ತುಕ್ಕಿಗೆ ಅಂಥ ಸ್ವಂತ ಕ್ರಿಯಾಪದವಿಲ್ಲ. ಅದು ಚಳಿ, ಹುಚ್ಚು, ಬೂಸ್ಟು, ಗೆದ್ದಲಿನ ಹಾಗೆ ಬಂದು ‘ಹಿಡಿಯಬೇಕು’. ನಾನು ಇಷ್ಟು ದಿನ ಎಲ್ಲಕ್ಕೂ ತುಕ್ಕು ಹಿಡಿದಿದೆ ಅಂತಲೇ ಸುಮ್ನೆ ಹೇಳುತ್ತಿದ್ದೆ. ಮಿಸ್ತ್ರಿಗೆ ಅಷ್ಟು ಸಾಲದು. ಹಿಡಿದಿದ್ದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ ಬಣ್ಣ ಬಳಿಯುತ್ತಾರೆ. ಕಚ್ಚಿದ್ದರೆ ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಸುತ್ತಾರೆ, ಆಗಲೂ ಬಿಡದಿದ್ದರೆ ಕತ್ತರಿಸಿ ಹೊಸ ಯು ಬೋಲ್ಟ್ ಹಾಕುತ್ತಾರೆ. ಗ್ಯಾಸ್ ಬೆಂಕಿ ಕೊಟ್ಟು ಬಿಡಿಸಬಾರದಾ ಅಂತ ಕೇಳಿದೆ. ಪಕ್ಕದ ಪಾಟಾಕ್ಕೆ ಬಿಸಿ ತಗುಲಿದರೆ ಉಕ್ಕಿನ ಹದ ಹೋಗುತ್ತದೆ, ಆಮೇಲೆ ಅದು ಚಿಮ್ಮುವುದಿಲ್ಲ ಅಂದರು. ಇನ್ನು ತಿಂದಿದ್ದರೆ ರಿಪೇರಿಯ ಮಾತೇ ಇಲ್ಲ.

ತಿಂದದ್ದು ಹೇಗಿರುತ್ತದೆ ಅಂತ ಬೆರಳಲ್ಲಿ ಮುಟ್ಟಿ ನೋಡಿದೆ. ಉಗುರು ಹಾಕಿದರೆ ಹಕ್ಕಳೆ ಎದ್ದು ಬರುತ್ತಿತ್ತು, ಥೇಟ್ ಚಿರೋಟಿ ಪದರ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು. ಅದಕ್ಕೇ ಎರಡು ಪಾಟಾಗಳ ನಡುವೆ ಅದು ಉಬ್ಬಿ, ಅವನ್ನು ದೂರ ತಳ್ಳಿತ್ತು. ಮಿಸ್ತ್ರಿ ಸುತ್ತಿಗೆಯಲ್ಲಿ ತಟ್ಟಿ ತೋರಿಸಿದರು. ಮೇಲಿನದು ಠಣ್ ಅಂದಿತು, ಕೆಳಗಿನದು ಡಬ್ ಅಂದಿತು.

ಈಗ ಪ್ರಶ್ನೆಗೆ ಬರುತ್ತೇನೆ. ಹಿಡಿ, ಕಚ್ಚು, ತಿನ್ನು ಅನ್ನುವ ಈ ಮೂರು ಮೆಟ್ಟಿಲು ನಿಮ್ಮ ಕಡೆಯೂ ಇದೆಯಾ, ಅಥವಾ ಇದು ಈ ಮಿಸ್ತ್ರಿಯೊಬ್ಬರ ಮಾತಿನ ರೀತಿಯಾ? ತಿರುಗಿಸಲು ಬಾರದ ಬೋಲ್ಟಿಗೆ ‘ಜಾಮ್ ಆಗಿದೆ’, ‘ಸೀಜ್ ಆಗಿದೆ’ ಅನ್ನುವುದನ್ನೂ ಕೇಳಿದ್ದೇನೆ. ನನಗೆ ಕಚ್ಚಿಕೊಂಡಿದೆ ಅನ್ನುವುದೇ ಸರಿ ಅನ್ನಿಸುತ್ತದೆ. ಎಷ್ಟು ಎಳೆದರೂ ಬಿಡದ ಹಟ ಅದರಲ್ಲಿದೆ, ಅಲ್ವಾ?

ಜೊತೆಗೆ ಕಿಲುಬು. ನಮ್ಮಜ್ಜಿಯ ಪ್ರಕಾರ ಕಿಲುಬು ಹಿಡಿಯುವುದು ತಾಮ್ರ, ಹಿತ್ತಾಳೆಗೆ. ಅದಕ್ಕೆ ಹುಣಸೆಹಣ್ಣಿನ ಮದ್ದು. ಕಬ್ಬಿಣಕ್ಕೆ ತುಕ್ಕೇ. ಕಬ್ಬಿಣಕ್ಕೂ ಕಿಲುಬು ಅನ್ನುವವರು ಇದ್ದರೆ ಯಾವ ಊರು ಅಂತ ತಿಳಿಸಿ.

ಕೊನೆಯದು ಆ ಉಕ್ಕಿನ ಪಟ್ಟಿಯ ಹೆಸರು. ಉತ್ತರ ಕರ್ನಾಟಕದಲ್ಲಿ ಮರಾಠಿಯಂತೆ ಪಾಟಾ. ನಮ್ಮ ಕಡೆ ಬಸ್ಸಿನವರು ‘ಬ್ಲೇಡ್ ಕಟ್ಟಾಗಿದೆ’ ಅನ್ನುತ್ತಾರೆ. ಕಮಾನು ಅಂತಲೂ ಇದೆ. ಆದರೆ ಸಾಗರದ ಭಾವನಿಗೆ ಫೋನಿನಲ್ಲಿ “ವ್ಯಾನಿನ ಕಮಾನು ಹೋಗಿದೆ” ಅಂದರೆ, “ವ್ಯಾನಿಗೆ ಕಮಾನು ಯಾಕೋ ಕಟ್ಟಿಸಿದೆ, ಮದುವೆ ಮನೆಯಾ?” ಅಂದರು. ಸಸ್ಪೆನ್ಶನ್ ಅಂತ ಬಿಡಿಸಿ ಹೇಳಲು ಹೋದರೆ ಇನ್ನೂ ಕಷ್ಟ. ಸರ್ಕಾರಿ ನೌಕರಿಯಲ್ಲಿದ್ದವರಿಗೆ ಆ ಪದ ಕೇಳಿದರೇ ಎದೆ ಧಸಕ್ ಅನ್ನುತ್ತದೆ.

ಪಾಟಾ ಎಲ್ಲಿಗೆ ಮುಗಿದು ಬ್ಲೇಡ್ ಎಲ್ಲಿಂದ ಶುರು? ದಾವಣಗೆರೆ, ಹಾವೇರಿ ಕಡೆಯವರು ಯಾರಾದರೂ ಇದ್ದರೆ ಹೇಳಿ. ವ್ಯಾನಿಗೆ ಬೇಕಾದ ಸಾಮಾನಿನ ಪಟ್ಟಿ ಬರೆದು ಭಾವನಿಗೆ ಕಳಿಸಬೇಕಿದೆ, ಸಾಗರದ ಅಂಗಡಿಯಲ್ಲಿ ಏನಂತ ಕೇಳಬೇಕೋ ಗೊತ್ತಾಗುತ್ತಿಲ್ಲ.